ಬರೆದದ್ದನ್ನು ತಾವೇ ತಿದ್ದುವಾಗ: ಸವೆದ ಪದಗಳನ್ನು ಹುಡುಕಿ ತೆಗೆಯುವ ಸಮಗ್ರ ಮಾರ್ಗದರ್ಶಿ

ಕೇರಳದ ಕಾಸರಗೋಡಿನಲ್ಲಿ, ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಊರುಗಳಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಬರಗಾಲವಿಲ್ಲ. ಬ್ರಹ್ಮಕಲಶೋತ್ಸವದ ಸ್ಮರಣಸಂಚಿಕೆಗೆ ಲೇಖನ ಬೇಕು, ಶಾಲಾ ಕಲೋತ್ಸವಕ್ಕೆ ಪ್ರಬಂಧ ಬೇಕು. ಗ್ರಂಥಾಲಯದ ವಾರ್ಷಿಕೋತ್ಸವದ ವರದಿ, ನಿವೃತ್ತರಾಗುವ ಮಾಷ್ಟ್ರಿಗೆ ಸನ್ಮಾನಪತ್ರ, ತೀರಿಕೊಂಡ ಹಿರಿಯರಿಗೆ ನುಡಿನಮನ, ರಾತ್ರಿಯ ತಾಳಮದ್ದಳೆಯ (ವೇಷ, ಕುಣಿತವಿಲ್ಲದೆ ಕುಳಿತು ಮಾತಾಡುವ ಯಕ್ಷಗಾನದ) ಬಗ್ಗೆ ಮರುದಿನ ನಾಲ್ಕು ಸಾಲು. ಇವನ್ನೆಲ್ಲ ಬರೆಯುವವರಲ್ಲಿ ಹೆಚ್ಚಿನವರ ಮನೆಮಾತು ಪುಸ್ತಕದ ಕನ್ನಡವಲ್ಲ. ಜಗಲಿಯಲ್ಲಿ ತುಳುವೋ ಹವ್ಯಕವೋ, ಬಸ್ಸಿನಲ್ಲಿ ಮಲಯಾಳ, ಅಂಗಡಿಯಲ್ಲಿ ಬ್ಯಾರಿ, ಕೊಂಕಣಿ. ಕೆಲವು ಮನೆಗಳಲ್ಲಿ ಮರಾಠಿ, ಕರಾಡ. ಬರವಣಿಗೆಯ ಕನ್ನಡ ನಮ್ಮ ಕೈಗೆ ಬಂದದ್ದು ಶಾಲೆಯಿಂದ, ಪತ್ರಿಕೆಯಿಂದ, ವೇದಿಕೆಯ ಮೈಕಿನಿಂದ. ಹಾಗಾಗಿ ಬರೆಯಲು ಕುಳಿತ ಕೂಡಲೇ ಎದುರು ಬಂದು ನಿಲ್ಲುವುದು ಅಲ್ಲೆಲ್ಲ ಕೇಳಿದ ಸಿದ್ಧ ವಾಕ್ಯಗಳೇ. ‘ವಿಜೃಂಭಣೆಯಿಂದ ಜರಗಿತು’, ‘ಜನಮನಸೂರೆಗೊಂಡಿತು’, ‘ಅವಿಸ್ಮರಣೀಯ ಕ್ಷಣವಾಗಿತ್ತು’.

ಮೊದಲ ಕರಡಿನಲ್ಲಿ ಇವು ಬಂದರೆ ಬರಲಿ. ಬರೆಯುವ ವೇಗದಲ್ಲಿ ತಡೆಯಲು ಹೋದರೆ ಬರಹವೇ ನಿಂತೀತು. ಕೆಲಸ ಇರುವುದು ತಿದ್ದುವಾಗ. ಆ ಕೆಲಸವನ್ನು ಹಂತ ಹಂತವಾಗಿ ಹೇಗೆ ಮಾಡಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ. ಹೊರಡುವ ಮೊದಲು ಒಂದು ಮಾತು ಸ್ಪಷ್ಟವಾಗಿರಲಿ: ಸವೆದ ಪದ ಇರುವಲ್ಲೆಲ್ಲ ಬರೆದವರು ಕಣ್ಣಾರೆ ಕಂಡ ಯಾವುದೋ ವಿವರ ಬಿಟ್ಟುಹೋಗಿರುತ್ತದೆ. ‘ಅದ್ಭುತ’ ತೆಗೆದು ‘ಅಮೋಘ’ ಹಾಕಿದರೆ ಏನನ್ನೂ ತಿದ್ದಿದಂತಾಗಲಿಲ್ಲ. ಬಿಟ್ಟುಹೋದ ವಿವರ ವಾಪಸು ಬರಬೇಕು. ಪದಕೋಶಕ್ಕಿಂತ ನೆನಪು, ವಿಚಾರಣೆ, ಮತ್ತೊಮ್ಮೆ ನೋಡುವುದು ಇಲ್ಲಿ ಹೆಚ್ಚು ಸಹಾಯಕ್ಕೆ ಬರುತ್ತವೆ.

ಮೊದಲ ಹಂತ: ದೂರ ಇಡಿ, ರೂಪ ಬದಲಿಸಿ

ಬರೆದ ದಿನವೇ ತಿದ್ದಬೇಡಿ. ಒಂದು ರಾತ್ರಿಯಾದರೂ ಕಳೆಯಲಿ. ಅಷ್ಟು ಸಮಯವಿಲ್ಲದಿದ್ದರೆ ಬರಹದ ರೂಪವನ್ನಾದರೂ ಬದಲಿಸಿ: ಮೊಬೈಲಿನಲ್ಲಿ ಟೈಪ್ ಮಾಡಿದ್ದರೆ ಮುದ್ರಿಸಿ ಓದಿ, ಅಕ್ಷರದ ಗಾತ್ರ ಹೆಚ್ಚಿಸಿ, ಬೇರೆ ಫಾಂಟ್ ಹಾಕಿ. ಕಣ್ಣಿಗೆ ಪರಿಚಿತವಾದ ಸಾಲುಗಳನ್ನು ಕಣ್ಣು ಓದುವುದಿಲ್ಲ, ದಾಟಿಕೊಂಡು ಹೋಗುತ್ತದೆ.

ಎರಡನೆಯ ಹಂತ: ಗಟ್ಟಿಯಾಗಿ ಓದಿ, ಗುರುತು ಮಾತ್ರ ಹಾಕಿ

ಈಗ ಬರಹವನ್ನು ಸ್ವರ ಎತ್ತಿ ಓದಿ. ಕೈಯಲ್ಲಿ ಪೆನ್ಸಿಲ್ ಇರಲಿ. ಆದರೆ ಈ ಸಲ ಏನನ್ನೂ ತಿದ್ದಬೇಡಿ. ತಿದ್ದುತ್ತಾ ಹೋದರೆ ಒಂದು ಪುಟದ ಪದ ಇನ್ನೊಂದು ಪುಟದಲ್ಲೂ ಬಂದಿರುವುದು ತಿಳಿಯುವುದಿಲ್ಲ.

ಮೂರು ಬಗೆಯ ಪದಗಳಿಗೆ ಮೂರು ಬೇರೆ ಗುರುತು ಹಾಕಿ. ನಿಮ್ಮ ಕೈಯ ಅಭ್ಯಾಸದಿಂದ ಮತ್ತೆ ಮತ್ತೆ ಬರುವ ಪದಕ್ಕೆ ಅಡಿಗೆರೆ. ಇದು ಒಬ್ಬೊಬ್ಬರಿಗೆ ಒಂದೊಂದು. ಕೆಲವರಿಗೆ ‘ನಿಜಕ್ಕೂ’, ಕೆಲವರಿಗೆ ‘ಒಟ್ಟಿನಲ್ಲಿ’, ಇನ್ನು ಕೆಲವರಿಗೆ ‘ಬಹುಶಃ’. ಎಲ್ಲರೂ ಬಳಸಿ ಬಳಸಿ ಸವೆಸಿದ ಪದಕ್ಕೆ ವೃತ್ತ: ‘ಅವಿರತ’, ‘ಅಪಾರ’, ‘ಅನನ್ಯ’, ‘ಮನೋಜ್ಞ’, ‘ಸಾರ್ಥಕ’. ತೆಗೆದರೂ ಅರ್ಥ ಕದಲದ ಪದಕ್ಕೆ ಅಡ್ಡಗೆರೆ: ‘ಕೂಡ’, ‘ಅಂತಹ’, ‘ಎಂಬುದಾಗಿ’, ‘ನಿಟ್ಟಿನಲ್ಲಿ’.

ಗಟ್ಟಿಯಾಗಿ ಓದಲು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮಲ್ಲಿ ಸನ್ಮಾನಪತ್ರ, ಸ್ವಾಗತ ಭಾಷಣ, ವರದಿ ಇವೆಲ್ಲ ಕೊನೆಗೆ ಮೈಕಿನ ಮುಂದೆ ಓದಲಿಕ್ಕೇ ಇರುವಂಥವು. ಓದುವಾಗ ಉಸಿರು ಸಿಕ್ಕಿಹಾಕಿಕೊಳ್ಳುವ ಜಾಗದಲ್ಲಿ ಹತ್ತಕ್ಕೆ ಎಂಟು ಸಲ ಬೇಡದ ಪದ ಕುಳಿತಿರುತ್ತದೆ.

ಮೂರನೆಯ ಹಂತ: ಕಂಪ್ಯೂಟರಿನಲ್ಲಿ ಹುಡುಕಿ

ಕಿವಿ ಹಿಡಿಯದ್ದನ್ನು ಹುಡುಕು ಕಿಟಕಿ ಹಿಡಿಯುತ್ತದೆ. ಕಂಟ್ರೋಲ್ ಒತ್ತಿ ಎಫ್ ಒತ್ತಿದರೆ ಅದು ತೆರೆಯುತ್ತದೆ. ಮೊಬೈಲಿನಲ್ಲಾದರೆ ಮೂರು ಚುಕ್ಕಿಯ ಮೆನುವಿನಲ್ಲಿ ಸಿಗುತ್ತದೆ. ಎಷ್ಟು ಸಲ ಬಂದಿದೆ ಎಂದು ಲೆಕ್ಕ ಬೇಕಿದ್ದರೆ ‘ಬದಲಿಸು’ ಕಿಟಕಿಯಲ್ಲಿ ಎರಡೂ ಕಡೆ ಅದೇ ಪದ ಕೊಟ್ಟು ‘ಎಲ್ಲವನ್ನೂ ಬದಲಿಸು’ ಒತ್ತಿ. ಬರಹ ಹಾಗೆಯೇ ಉಳಿಯುತ್ತದೆ, ಲೆಕ್ಕ ಮಾತ್ರ ಬರುತ್ತದೆ.

ಕನ್ನಡದಲ್ಲಿ ಹುಡುಕುವಾಗ ಕೆಲವು ತೊಡಕುಗಳಿವೆ. ಅವು ಗೊತ್ತಿಲ್ಲದಿದ್ದರೆ ‘ನನ್ನ ಬರಹದಲ್ಲಿ ಆ ಪದ ಇಲ್ಲವೇ ಇಲ್ಲ’ ಎಂದುಕೊಂಡು ಮುಂದೆ ಹೋಗುತ್ತೇವೆ.

ನಮ್ಮ ಪದಗಳು ಪ್ರತ್ಯಯ ಸೇರಿ ರೂಪ ಬದಲಿಸುತ್ತವೆ. ‘ಮಾಡು’ ಎಂದು ಹುಡುಕಿದರೆ ‘ಮಾಡಿದರು’ ಸಿಗದು. ಕೊನೆಯ ಗುಣಿತ ಬಿಟ್ಟು ‘ಮಾಡ’ ಎಂದು ಕೊಟ್ಟರೆ ಹೆಚ್ಚಿನ ತಂತ್ರಾಂಶಗಳಲ್ಲಿ ಮಾಡಿ, ಮಾಡು, ಮಾಡಲಾಯಿತು ಎಲ್ಲವೂ ಬರುತ್ತವೆ. ಜೊತೆಗೆ ಮನೆಯ ಮಾಡೂ (ಛಾವಣಿ) ಬಂದೀತು, ಅದನ್ನು ಬಿಟ್ಟರಾಯಿತು. ಸಂಧಿಯಾದ ಪದಗಳಿಗೆ ತುಸು ಉಪಾಯ ಬೇಕು. ‘ಆಗಿದೆ’ ಎಂಬುದು ನಿಮ್ಮ ಬರಹದಲ್ಲಿ ‘ಕ್ಷೇತ್ರವಾಗಿದೆ’, ‘ಸಂಸ್ಥೆಯಾಗಿದೆ’ ಎಂದು ಅಡಗಿರುತ್ತದೆ. ‘ಗಿದೆ’ ಎಂದು ಹುಡುಕಿ. ಕರ್ಮಣಿ ಪ್ರಯೋಗ ಹಿಡಿಯಲು ‘ಲಾಯಿ’, ‘ಲಾಗ’, ‘ಲ್ಪಟ್ಟ’ ಈ ಮೂರನ್ನು ಹುಡುಕಿ. ‘ಅಂತಹ’ಕ್ಕೆ ‘ಂತಹ’ ಸಾಕು. ಸಂಧಿಯಲ್ಲಿ ಅಡಗಿದ ‘ಒಂದು’ ಮಾತ್ರ ಹೀಗೆ ಸಿಗುವುದಿಲ್ಲ. ‘ಂದು’ ಎಂದು ಕೊಟ್ಟರೆ ಎಂದು, ಬಂದು, ತಂದು ಎಲ್ಲವೂ ಮೆರವಣಿಗೆ ಬರುತ್ತವೆ. ಅದನ್ನು ಕಣ್ಣಿನಿಂದಲೇ ಹುಡುಕಬೇಕು.

ಕಾಗುಣಿತದ ಎರಡೆರಡು ರೂಪಗಳನ್ನೂ ನೋಡಿ. ನಮ್ಮ ಕರಾವಳಿಯಲ್ಲಿ ‘ಸರಕಾರ’ ಬರೆಯುವುದು ಹೆಚ್ಚು. ಪತ್ರಿಕಾ ಹೇಳಿಕೆಯಿಂದ ನಕಲು ಮಾಡಿದ ಸಾಲಿನಲ್ಲಿ ‘ಸರ್ಕಾರ’ ಇರುತ್ತದೆ. ‘ತುಂಬ’, ‘ತುಂಬಾ’ ಹಾಗೆಯೇ. ‘ಬ್ಯಾಂಕ್‌ನಲ್ಲಿ’ ಎಂಬಂಥ ಪದಗಳಲ್ಲಿ ಅರ್ಧಾಕ್ಷರ ಬಿಡಿಸಿ ತೋರಿಸಲು ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಹುಡುಕುವ ಪದದಲ್ಲಿ ಅದು ಇಲ್ಲದಿದ್ದರೆ ಕೆಲವೊಮ್ಮೆ ಸಿಗುವುದಿಲ್ಲ. ಅದಕ್ಕೆ ‘ಬ್ಯಾಂಕ’ ಎಂಬಷ್ಟು ತುಂಡನ್ನೇ ಕೊಡಿ.

ಮುದ್ರಣಾಲಯದಿಂದ ಬಂದ ಹಳೆಯ ಫೈಲು ಯುನಿಕೋಡಿನಲ್ಲಿ ಇಲ್ಲದಿದ್ದರೆ, ಅಂದರೆ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ, ಅದನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಿ. ಇಲ್ಲವಾದರೆ ಯುನಿಕೋಡಿನಲ್ಲಿ ಟೈಪ್ ಮಾಡಿದ ಪದ ಅದರಲ್ಲಿ ಸಿಗುವುದೇ ಇಲ್ಲ.

ನಾಲ್ಕನೆಯ ಹಂತ: ಸಣ್ಣ ಪದಗಳಿಂದ ಶುರು ಮಾಡಿ

ಹೊಗಳಿಕೆಯ ದೊಡ್ಡ ಪದಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಬರಹವನ್ನು ಹೆಚ್ಚು ಭಾರ ಮಾಡುವುದು ಸಣ್ಣ ಪದಗಳು. ಅವುಗಳಿಗೆ ಪರ್ಯಾಯ ಹುಡುಕುವ ಕೆಲಸವೂ ಇಲ್ಲ, ತೆಗೆದರೆ ಮುಗಿಯಿತು. ಹಾಗಾಗಿ ಇಲ್ಲಿಂದಲೇ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ.

‘ಮತ್ತು’. ‘ಅಡಿಕೆ ಮತ್ತು ತೆಂಗು ಮತ್ತು ಕರಿಮೆಣಸು ಬೆಳೆಯುತ್ತಾರೆ’ ಎಂದು ಯಾರೂ ಮಾತಾಡುವುದಿಲ್ಲ. ಅಡಿಕೆ, ತೆಂಗು, ಕರಿಮೆಣಸು ಬೆಳೆಯುತ್ತಾರೆ. ಒತ್ತು ಬೇಕಿದ್ದರೆ ಅಡಿಕೆಯೂ ತೆಂಗೂ ಕರಿಮೆಣಸೂ. ಎರಡು ಕ್ರಿಯೆಗಳ ನಡುವೆಯಂತೂ ಅದು ಬೇಡವೇ ಬೇಡ: ‘ಎದ್ದರು ಮತ್ತು ಹೊರಟರು’ ಎನ್ನುವ ಬದಲು ‘ಎದ್ದು ಹೊರಟರು’.

‘ಆಗಿದೆ’. ‘ಮಧೂರು ಒಂದು ಪ್ರಸಿದ್ಧ ಕ್ಷೇತ್ರವಾಗಿದೆ.’ ಕನ್ನಡಕ್ಕೆ ಇಲ್ಲಿ ಕ್ರಿಯಾಪದವೇ ಬೇಡ. ‘ಮಧೂರು ಪ್ರಸಿದ್ಧ ಕ್ಷೇತ್ರ’ ಎಂದರೆ ವಾಕ್ಯ ತುಂಬುತ್ತದೆ. ‘ಒಂದು’ ಕೂಡ ಬಿತ್ತು. ಆಮೇಲೆ ‘ಪ್ರಸಿದ್ಧ’ದ ಸರದಿ. ‘ಮಧೂರು ದೇವಸ್ಥಾನ ಮಧುವಾಹಿನಿ ಹೊಳೆಯ ದಡದಲ್ಲಿದೆ; ಅದರ ಮಾಡು ಗಜಪೃಷ್ಠದ, ಅಂದರೆ ಆನೆಯ ಬೆನ್ನಿನ, ಆಕಾರದ್ದು’ ಎಂದು ಬರೆದರೆ ಓದುವವರ ಕಣ್ಣಿಗೆ ಏನಾದರೂ ಕಂಡಿತು.

‘ಅಂತಹ’. ಮೈಕ್ ಹಿಡಿದವರು ಯೋಚಿಸಲು ಸಮಯ ಬೇಕಾದಾಗ ‘ಮಾಡುವಂತಹ’, ‘ಇರುವಂತಹ’ ಎನ್ನುತ್ತಾರೆ. ಮಾತಿನಲ್ಲಿ ಅದು ಸಹಜ. ಬರೆಯುವವರಿಗೆ ಯೋಚಿಸಲು ಬೇಕಾದಷ್ಟು ಸಮಯ ಇದೆಯಲ್ಲ. ಮಾಡುವ, ಇರುವ ಎಂದರೆ ಸಾಕು. ಹೋಲಿಕೆ ಹೇಳುವಲ್ಲಿ, ‘ಅಂತಹ ಮಳೆ ಮತ್ತೆ ಬರಲಿಲ್ಲ’ ಎನ್ನುವಲ್ಲಿ, ಅದು ನ್ಯಾಯವಾಗಿ ನಿಲ್ಲುತ್ತದೆ.

‘ಮೂಲಕ’, ‘ನಿಟ್ಟಿನಲ್ಲಿ’, ‘ಹಿನ್ನೆಲೆಯಲ್ಲಿ’. ದೀಪ ಬೆಳಗಿಸುವ ಮೂಲಕ ಉದ್ಘಾಟನೆ ಮಾಡಿದರು ಎನ್ನುವುದು ದೀಪ ಬೆಳಗಿ ಉದ್ಘಾಟಿಸಿದರು ಎಂದಾಗಲಿ. ನೀರು ಉಳಿಸುವ ನಿಟ್ಟಿನಲ್ಲಿ ಎನ್ನುವುದಕ್ಕೆ ನೀರು ಉಳಿಸಲು. ಮಳೆಯ ಹಿನ್ನೆಲೆಯಲ್ಲಿ ಶಾಲೆಗೆ ರಜೆ ಎನ್ನುವುದಕ್ಕೆ ಮಳೆ ಜೋರಾದ್ದರಿಂದ ಶಾಲೆಗೆ ರಜೆ. ನಮ್ಮ ವಿಭಕ್ತಿಗಳೂ ಕೃದಂತಗಳೂ ಇರುವುದು ಈ ಕೆಲಸಕ್ಕೇ.

‘ಲಾಯಿತು’. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ‘ಬಹುಮಾನ ವಿತರಿಸಲಾಯಿತು’ ಎಂಬಲ್ಲಿ ದೊಡ್ಡ ನಷ್ಟವೇನಿಲ್ಲ. ಪಂಚಾಯತಿಗೆ, ವಿಲ್ಲೇಜ್ ಆಫೀಸಿಗೆ ಬರೆಯುವ ಮನವಿಯಲ್ಲಿ ನಷ್ಟವಿದೆ. ‘ರಸ್ತೆ ದುರಸ್ತಿಗಾಗಿ ಅರ್ಜಿ ಸಲ್ಲಿಸಲಾಗಿತ್ತು, ಕ್ರಮ ಕೈಗೊಳ್ಳಲಾಗುವುದೆಂದು ತಿಳಿಸಲಾಗಿತ್ತು.’ ಅರ್ಜಿ ಕೊಟ್ಟವರು ಯಾರು? ತಿಳಿಸಿದವರು ಯಾರು? ಯಾವಾಗ? ಈ ಸಾಲಿಗೆ ಉತ್ತರ ಕೊಡಬೇಕಾದ ಮನುಷ್ಯನೇ ಇಲ್ಲ. ‘ವಾರ್ಡಿನ ನಾವು ಹನ್ನೆರಡು ಮನೆಯವರು ಜೂನ್ ತಿಂಗಳಲ್ಲಿ ಅರ್ಜಿ ಕೊಟ್ಟಿದ್ದೆವು. ಓವರ್ಸಿಯರ್ ಬಂದು ನೋಡಿ, ಮಳೆ ನಿಂತ ಮೇಲೆ ಕೆಲಸ ಹಿಡಿಯುತ್ತೇವೆ ಎಂದು ಹೇಳಿದ್ದರು.’ ಇಂಥ ಮನವಿಯನ್ನು ಪಕ್ಕಕ್ಕೆ ಸರಿಸುವುದು ಕಷ್ಟ. ಕರ್ತೃವನ್ನು ಮುಚ್ಚಿಡುವ ಕ್ರಿಯಾಪದವನ್ನು ಮನವಿಗಳಿಂದ ಪೂರ್ತಿ ಓಡಿಸಿ ಎಂದೇ ಹೇಳುತ್ತೇನೆ.

‘ನಾನು’, ‘ಅವರು’. ಮಲಯಾಳದಲ್ಲಿ ಕ್ರಿಯಾಪದದ ಕೊನೆಗೆ ಪುರುಷವಾಚಕ ಪ್ರತ್ಯಯ ಇಲ್ಲ. ಹೋದದ್ದು ನಾನೋ ಅವನೋ ಅವಳೋ ಎಂದು ಕ್ರಿಯಾಪದ ಹೇಳುವುದಿಲ್ಲ, ಸರ್ವನಾಮವೇ ಹೇಳಬೇಕು. ಮಲಯಾಳ ಮನೆಮಾತಾಗಿ ಕನ್ನಡ ಕಲಿತ ಮಕ್ಕಳ ಪ್ರಬಂಧಗಳಲ್ಲಿ ಪ್ರತಿ ವಾಕ್ಯವೂ ‘ನಾನು’, ‘ನಾವು’ ಎಂದು ಶುರುವಾಗಲು ಇದೂ ಕಾರಣ. ಕನ್ನಡದಲ್ಲಿ ಹೋದೆ, ಹೋದಳು, ಹೋದೆವು ಎಂಬುದರಲ್ಲೇ ಆಳು ಇದ್ದಾರೆ. ಪ್ಯಾರಾದ ಮೊದಲ ವಾಕ್ಯದಲ್ಲಿ ಸರ್ವನಾಮ ಇರಲಿ. ಆಮೇಲಿನದ್ದನ್ನು ಒಂದೊಂದಾಗಿ ತೆಗೆದು ಓದಿ. ಬೇರೆ ಆಳು ಪ್ರವೇಶಿಸುವವರೆಗೆ ಅದು ಬೇಕಾಗುವುದಿಲ್ಲ. ತರಗತಿಯಲ್ಲಿ ಪ್ರಬಂಧ ತಿದ್ದುವ ಟೀಚರುಗಳು ಈ ಒಂದು ಸಂಗತಿಯನ್ನು ಮಕ್ಕಳಿಗೆ ತೋರಿಸಿಕೊಟ್ಟರೆ ಬರಹದ ನಡಿಗೆ ಕೂಡಲೇ ಬದಲಾಗುತ್ತದೆ.

ಐದನೆಯ ಹಂತ: ಹೊಗಳಿಕೆಯ ಪದಗಳ ಜಾಗಕ್ಕೆ ಸಂಗತಿ ತನ್ನಿ

ಸನ್ಮಾನಪತ್ರವನ್ನೇ ತೆಗೆದುಕೊಳ್ಳೋಣ. ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’, ‘ಅಜಾತಶತ್ರು’, ‘ಬಹುಮುಖ ಪ್ರತಿಭೆ’, ‘ಅವಿರತ ಪರಿಶ್ರಮ’. ಹೆಸರು ಬದಲಿಸಿದರೆ ಪಕ್ಕದ ಊರಿನ ಇನ್ನೊಬ್ಬರಿಗೂ ಅದೇ ಪತ್ರ ಸಲ್ಲುತ್ತದೆ. ಗೌರವಿಸಲು ಹೊರಟ ಮನುಷ್ಯರೇ ಆ ಪತ್ರದಲ್ಲಿ ಇಲ್ಲ ಎಂದಾಯಿತು. ಇದನ್ನು ನಾನು ಸಣ್ಣ ದೋಷ ಎಂದು ಭಾವಿಸುವುದಿಲ್ಲ. ಎಷ್ಟೋ ಜನರಿಗೆ ಬದುಕಿನಲ್ಲಿ ತಮ್ಮ ಕುರಿತು ಬರೆದು ಕೊಟ್ಟದ್ದೆಂದರೆ ಗೋಡೆಯಲ್ಲಿ ಕಟ್ಟು ಹಾಕಿ ತೂಗಿಸಿದ ಆ ಒಂದೇ ಕಾಗದ.

ತಿದ್ದುವ ಬಗೆ ಹೀಗೆ. ವೃತ್ತ ಹಾಕಿದ ಪ್ರತಿ ಪದದ ಪಕ್ಕದಲ್ಲಿ ಒಂದು ಪ್ರಶ್ನೆ ಬರೆಯಿರಿ. ‘ಅವಿರತ ಪರಿಶ್ರಮ’ದ ಪಕ್ಕ: ಯಾವ ಕೆಲಸ, ಯಾವ ಹೊತ್ತಿಗೆ ಶುರು, ಜೊತೆಗೆ ಯಾರು? ‘ಸರಳ ಸಜ್ಜನ’ದ ಪಕ್ಕ: ಯಾವಾಗ, ಯಾರ ಜೊತೆ ಹಾಗೆ ನಡೆದುಕೊಂಡರು? ಈ ಪ್ರಶ್ನೆಗಳನ್ನು ಹಿಡಿದುಕೊಂಡು ಅವರ ಮನೆಗೆ ಹೋಗಿ, ಇಲ್ಲವೇ ಫೋನು ಮಾಡಿ. ‘ಅಕ್ಕ, ಅಣ್ಣ ನೀರಿನ ಸುರಂಗ ಕೊರೆಯುವ ಕೆಲಸಕ್ಕೆ ಹೋದ ದಿನ ಎಷ್ಟು ಹೊತ್ತಿಗೆ ಬರುತ್ತಿದ್ದರು?’ ಎಂದು ಕೇಳಿದರೆ, ‘ಬಂದರೆ ಮೈಯೆಲ್ಲ ಕೆಂಪು ಮಣ್ಣು. ಬಾಗಿಲು ಹತ್ತುವುದಕ್ಕೆ ಮೊದಲು ಬಾವಿಕಟ್ಟೆಗೇ ಹೋಗುವುದು’ ಎಂಬಂಥ ಉತ್ತರ ಬರುತ್ತದೆ. ಪತ್ರದ ಮೊದಲ ಸಾಲು ಅದೇ ಆಗಲಿ. ಉತ್ತರ ಸಿಗದ ಪ್ರಶ್ನೆಯ ಪಕ್ಕದ ಪದವನ್ನು ಹೊಡೆದುಹಾಕಿ. ವಿವರ ಸಿಗಲಿಲ್ಲವೆಂದು ಕಲ್ಪಿಸಿಕೊಂಡು ಬರೆಯಬಾರದು.

ಯಕ್ಷಗಾನ, ತಾಳಮದ್ದಳೆಗಳ ವಿಮರ್ಶೆಗೂ ಇದೇ ದಾರಿ. ಯಕ್ಷಗಾನದ ಪಿತಾಮಹನೆಂದು ಕರೆಯಿಸಿಕೊಂಡ ಪಾರ್ತಿಸುಬ್ಬನ ಕುಂಬಳೆ ನಮ್ಮದು. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟನ್ನು ಕೇಳಿ ನೋಡಿ ಬೆಳೆದ ಪ್ರೇಕ್ಷಕರಿಗೆ ‘ಮನೋಜ್ಞ ಅಭಿನಯ’, ‘ಪ್ರಬುದ್ಧ ಅರ್ಥಗಾರಿಕೆ’ ಎಂದರೆ ಏನೂ ಹೇಳಿದಂತಾಗದು. ಪುಂಡುವೇಷ (ಎಳೆಯ ವೀರನ ಪಾತ್ರ) ದಿಗಿಣ (ಸುತ್ತು ಹಾರುವ ಕುಣಿತ) ಹಾಕಿ ತಾಳದ ಯಾವ ಪೆಟ್ಟಿಗೆ ನಿಂತಿತು? ಚೆಂಡೆ ಏರಿದಾಗ ಭಾಗವತರು ಸ್ವರವನ್ನು ಹೇಗೆ ಉಳಿಸಿಕೊಂಡರು? ವಾಲಿ–ರಾಮರ ಸಂವಾದದಲ್ಲಿ ವಾಲಿ ‘ಮರೆಯಲ್ಲಿ ನಿಂತು ಹೊಡೆದೆಯಲ್ಲ’ ಎಂಬ ಆಕ್ಷೇಪವನ್ನು ಎಲ್ಲಿ ಎತ್ತಿದ, ರಾಮನ ಪಾತ್ರಧಾರಿ ಯಾವ ಕಡೆಯಿಂದ ಉತ್ತರಿಸಿದರು? ಇಂಥ ಒಂದು ಸಂಗತಿ ಬರೆದರೂ ಆಟಕ್ಕೆ ಬಾರದವರು ಆಟ ಕಂಡಂತಾಗುತ್ತದೆ. ಕಲಾವಿದರಿಗೂ ತಮ್ಮ ಕೆಲಸವನ್ನು ಯಾರೋ ಗಮನವಿಟ್ಟು ನೋಡಿದರು ಎಂದು ತಿಳಿಯುತ್ತದೆ.

‘ವಿಶೇಷಣ ಎಲ್ಲ ತೆಗೆದರೆ ಪ್ರಬಂಧ ಸಪ್ಪೆ ಆಗುವುದಿಲ್ಲವಾ ಟೀಚರ್?’ ಎಂದು ಮಕ್ಕಳು ಕೇಳುವುದುಂಟು. ಆಗುತ್ತದೆ, ತೆಗೆದು ಸುಮ್ಮನೆ ಬಿಟ್ಟರೆ. ಈ ಸಾಲುಗಳನ್ನು ನೋಡಿ:

‘ಸುರಂಗವು ಕಾಸರಗೋಡಿನ ಒಂದು ಅನನ್ಯ ಜಲಮೂಲವಾಗಿದೆ. ಈ ಜಲಸಂಪತ್ತು ನಮ್ಮ ಪೂರ್ವಜರ ಅಪಾರ ಜ್ಞಾನಕ್ಕೆ ಸಾಕ್ಷಿಯಾಗಿದೆ. ಅತ್ಯಂತ ಕಠಿಣ ಪರಿಶ್ರಮದ ಮೂಲಕ ನಿರ್ಮಿಸಲ್ಪಟ್ಟ ಈ ಜೀವಜಲದ ಸೆಲೆಗಳು ಕೃಷಿಕರ ಪಾಲಿಗೆ ವರದಾನವಾಗಿವೆ.’

ಮೂರು ವಾಕ್ಯ ಓದಿದರೂ ಸುರಂಗ ಎಂದರೆ ಏನು ಎಂದು ತಿಳಿಯಲಿಲ್ಲ. ಬೇಡದ್ದನ್ನು ತೆಗೆದರೆ ಉಳಿಯುವುದು ಇಷ್ಟೇ: ಸುರಂಗ ಕೃಷಿಕರಿಗೆ ನೀರು ಕೊಡುತ್ತದೆ. ಇದು ಸಪ್ಪೆ, ಸರಿ. ಬಾಯಾರು ಕಡೆಯ ಗುಡ್ಡದ ಬದಿಯಲ್ಲಿ ಸುರಂಗ ನೋಡಿದವರು ಈಗ ಕಂಡದ್ದನ್ನು ತುಂಬಬೇಕು:

‘ಸುರಂಗವನ್ನು ಗುಡ್ಡದ ಬದಿಯಿಂದ ಒಳಕ್ಕೆ ಅಡ್ಡಲಾಗಿ ಕೊರೆಯುತ್ತಾರೆ. ಒಳಗೆ ಒಬ್ಬ ನಿಂತು ಪಿಕ್ಕಾಸು ಬೀಸುವಷ್ಟೇ ಜಾಗ. ಅವನು ಅಗೆದ ಮಣ್ಣನ್ನು ಇನ್ನೊಬ್ಬ ಬುಟ್ಟಿಯಲ್ಲಿ ಹೊರಗೆ ಹೊರುತ್ತಾನೆ. ಮುರಕಲ್ಲು (ಜಂಬಿಟ್ಟಿಗೆ) ಗಟ್ಟಿಯಿರುವಲ್ಲಿ ಆಧಾರ ಕೊಡದಿದ್ದರೂ ಮೇಲ್ಭಾಗ ನಿಲ್ಲುತ್ತದೆ. ಹಚ್ಚಿಟ್ಟ ಮೇಣದಬತ್ತಿ ಬೆಳಕು ಕೊಡುತ್ತದೆ. ಅದು ಮಂಕಾದರೆ ಗಾಳಿ ಸಾಲದು ಎಂದು ತಿಳಿದು ಹೊರಗೆ ಬರುತ್ತಾರೆ. ನೆಲವನ್ನು ಬಾಯಿಯ ಕಡೆಗೆ ತುಸು ಇಳಿಜಾರಾಗಿ ಬಿಡುವುದರಿಂದ ಒಸರಿದ ನೀರು ತಾನಾಗಿ ಹರಿದು ಹೊರಗಿನ ಕೊಳಕ್ಕೆ ಬೀಳುತ್ತದೆ. ಪಂಪೂ ಬೇಡ, ಹಗ್ಗವೂ ಬೇಡ.’

ಇಲ್ಲಿ ಒಂದೂ ಹೊಗಳಿಕೆಯ ಪದವಿಲ್ಲ. ಹಿರಿಯರ ಜ್ಞಾನ, ಪರಿಶ್ರಮ ಎರಡೂ ಓದುವವರಿಗೆ ತಾವಾಗಿ ಗೊತ್ತಾದವು. ಬರಹ ಉದ್ದವಾಯಿತಲ್ಲ ಎಂದು ಅನಿಸಬಹುದು. ಜಾಗ ಕಡಿಮೆಯಿದ್ದರೆ ಇವುಗಳಲ್ಲಿ ಎರಡೇ ವಾಕ್ಯ ಆರಿಸಿಕೊಳ್ಳಿ, ಉದಾಹರಣೆಗೆ ಮೇಣದಬತ್ತಿಯದ್ದು, ಇಳಿಜಾರಿನದ್ದು.

ಆರನೆಯ ಹಂತ: ನಮ್ಮೂರಿನದ್ದೇ ಸವೆದ ಪದಗಳು

‘ಗಡಿನಾಡು’, ‘ಸಪ್ತಭಾಷಾ ಸಂಗಮಭೂಮಿ’, ‘ಕನ್ನಡದ ಕಂಪು’, ‘ಅಚ್ಚಗನ್ನಡದ ಮಣ್ಣು’. ಕಾಸರಗೋಡಿನ ಬಗ್ಗೆ ಕಾಸರಗೋಡಿನವರು ಬರೆದ ಯಾವ ಲೇಖನದಲ್ಲೂ ಇವು ಇರುತ್ತವೆ. ನಮ್ಮ ನೋವು, ನಮ್ಮ ಹೆಮ್ಮೆ ಎರಡೂ ಇವುಗಳಲ್ಲಿ ಸೇರಿರುವುದರಿಂದ ತೆಗೆಯಲು ಮನಸ್ಸು ಬಾರದು. ಪೂರ್ತಿ ತೆಗೆಯಿರಿ ಎಂದು ನಾನೂ ಹೇಳುವುದಿಲ್ಲ. ಇಡೀ ಲೇಖನಕ್ಕೆ ಒಂದು ಸಲ ಸಾಕು.

ಉಳಿದ ಕಡೆ ಸಂಗತಿ ಬರಲಿ. ‘ಗಡಿನಾಡ ಕನ್ನಡಿಗರ ಅಳಲು ಅರಣ್ಯರೋದನವಾಗಿದೆ’ ಎಂದು ಮೂರು ಸಲ ಬರೆದರೆ ಬೆಂಗಳೂರಿನ ಓದುಗರು ಪುಟ ಮಗುಚುತ್ತಾರೆ. ‘1956ರ ನವೆಂಬರ್ 1ರಂದು, ಅದುವರೆಗೆ ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಜಾರಿಯಾಗಲಿಲ್ಲ’ ಎಂದು ಬರೆದರೆ ಅವರು ನಿಂತು ಓದುತ್ತಾರೆ. ‘ಸಪ್ತಭಾಷೆ’ ಎನ್ನುವ ಬದಲು ಒಂದೇ ಬಸ್ ನಿಲ್ದಾಣದಲ್ಲಿ ಯಾರು ಯಾರೊಡನೆ ಯಾವ ಮಾತು ಆಡುತ್ತಾರೆ ಎಂದು ಎರಡು ಸಾಲು ಬರೆಯಿರಿ.

ಇದರ ಜೊತೆಗೇ ಇನ್ನೊಂದು ಎಚ್ಚರಿಕೆ. ಪದ ತೆಗೆಯುವ ಭರದಲ್ಲಿ ಊರಿನ ಪದಗಳಿಗೆ ಕತ್ತರಿ ಹಾಕಬೇಡಿ. ಪಿಕ್ಕಾಸು, ಮುರಕಲ್ಲು, ಕಳಿಯಾಟ, ತರವಾಡು, ಕೃಷಿಭವನ, ಕುಟುಂಬಶ್ರೀ, ಅಕ್ಷಯ ಕೇಂದ್ರ ಇವು ಹತ್ತು ಸಲ ಬಂದರೂ ಸವೆಯುವ ಪದಗಳಲ್ಲ, ಆ ವಸ್ತುವಿಗೆ ಇರುವ ಹೆಸರೇ ಅದು. ‘ಕೃಷಿಭವನ’ವನ್ನು ‘ಕೃಷಿ ಇಲಾಖಾ ಕಚೇರಿ’ ಎಂದು ತಿದ್ದಿದರೆ ಎಣ್ಮಕಜೆಯ ರೈತ ಎಲ್ಲಿಗೆ ಹೋಗಬೇಕೆಂದು ಕೇಳಿಯಾರು.

ಏಳನೆಯ ಹಂತ: ಮರುಕಳಿಸಬೇಕಾದದ್ದನ್ನು ಬಿಡಿ

ಒಂದೇ ಪದ ಎರಡು ಸಲ ಬಂತೆಂದು ಹೆದರುವವರು ಇನ್ನೊಂದು ಹೊಂಡಕ್ಕೆ ಬೀಳುತ್ತಾರೆ. ಗೋವಿಂದ ಪೈಗಳ ಬಗ್ಗೆ ಬರೆಯುತ್ತಾ ಮೊದಲ ವಾಕ್ಯದಲ್ಲಿ ‘ಪೈಗಳು’, ಎರಡನೆಯದರಲ್ಲಿ ‘ರಾಷ್ಟ್ರಕವಿ’, ಮೂರನೆಯದರಲ್ಲಿ ‘ಕವಿವರ್ಯರು’, ನಾಲ್ಕನೆಯದರಲ್ಲಿ ‘ಮಂಜೇಶ್ವರದ ಸುಪುತ್ರ’. ಹೊಸದಾಗಿ ಓದುವ ಮಗುವಿಗೆ ಇವರು ನಾಲ್ವರು ಬೇರೆ ಬೇರೆ ಜನ ಎಂದು ಅನಿಸಿದರೆ ಆಶ್ಚರ್ಯವಿಲ್ಲ. ‘ಮದ್ರಾಸ್ ಸರಕಾರ 1949ರಲ್ಲಿ ಪೈಗಳಿಗೆ ರಾಷ್ಟ್ರಕವಿ ಪದವಿ ನೀಡಿತು’ ಎಂದು ಒಂದು ಸಲ ಹೇಳಿ, ಉದ್ದಕ್ಕೂ ‘ಪೈಗಳು’ ಎಂದೇ ಬರೆಯಿರಿ. ಹೆಸರು, ಪರಿಭಾಷೆ, ವಸ್ತು ಈ ಮೂರಕ್ಕೆ ಪರ್ಯಾಯ ಹುಡುಕಬೇಡಿ. ಸುರಂಗದ ಲೇಖನದಲ್ಲಿ ಸುರಂಗ ಸುರಂಗವೇ.

ಭಾವಕ್ಕೆ ಬೇಕಾಗಿ ಬರುವ ಆವೃತ್ತಿಯೂ ಹಾಗೆಯೇ. ‘ಬೇಡ ಬೇಡ’, ‘ಓಡಿ ಓಡಿ’, ‘ಮನೆಮನೆಗೆ’ ಇವು ದ್ವಿರುಕ್ತಿಗಳು. ವ್ಯಾಕರಣವೇ ಇವಕ್ಕೆ ಜಾಗ ಕೊಟ್ಟಿದೆ. ಪುನರುಕ್ತಿಯನ್ನು ದೋಷಗಳ ಪಟ್ಟಿಗೆ ಸೇರಿಸಿದ ಹಳೆಯ ಅಲಂಕಾರಶಾಸ್ತ್ರವೇ, ಅನುಕಂಪದಂಥ ಭಾವ ಉಕ್ಕಿದಾಗ ಅದು ದೋಷವಲ್ಲ, ಅಲಂಕಾರ ಎಂದೂ ಹೇಳಿದೆ. ಸಾಯುತ್ತಿರುವ ವಾಲಿ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೆ ಯಾರಿಗೂ ಬೇಸರವಾಗುವುದಿಲ್ಲ. ನುಡಿನಮನ ಬರೆಯುವಾಗ ಒಂದು ಮಾತು ಮತ್ತೆ ಬಂದರೆ, ತೆಗೆದು ಒಮ್ಮೆ, ಇಟ್ಟು ಒಮ್ಮೆ ಗಟ್ಟಿಯಾಗಿ ಓದಿ. ಇಟ್ಟಾಗ ಸ್ವರ ತುಂಬಿ ಬಂದರೆ ಅದು ಇರಲಿ.

ಎಂಟನೆಯ ಹಂತ: ಒಂದು ವರದಿಯನ್ನು ಪೂರ್ತಿ ತಿದ್ದಿ ನೋಡೋಣ

‘ಗ್ರಂಥಾಲಯದ ವಾರ್ಷಿಕೋತ್ಸವ ಕಾರ್ಯಕ್ರಮವು ಅತ್ಯಂತ ವಿಜೃಂಭಣೆಯಿಂದ ಜರಗಿತು. ಕಾರ್ಯಕ್ರಮವನ್ನು ಪಂಚಾಯತು ಅಧ್ಯಕ್ಷರು ದೀಪ ಬೆಳಗಿಸುವ ಮೂಲಕ ಉದ್ಘಾಟನೆ ಮಾಡಿದರು. ಈ ಸಂದರ್ಭದಲ್ಲಿ ಮಾತನಾಡಿದ ಅವರು, ಗ್ರಂಥಾಲಯಗಳು ಜ್ಞಾನದ ಭಂಡಾರವಾಗಿದ್ದು ಪ್ರತಿಯೊಬ್ಬರೂ ಕೂಡ ಓದುವಂತಹ ಹವ್ಯಾಸವನ್ನು ಬೆಳೆಸಿಕೊಳ್ಳಬೇಕು ಎಂದರು. ಈ ಸಂದರ್ಭದಲ್ಲಿ ಮಕ್ಕಳಿಗೆ ವಿವಿಧ ಸ್ಪರ್ಧೆಗಳನ್ನು ಏರ್ಪಡಿಸಲಾಗಿತ್ತು ಮತ್ತು ವಿಜೇತರಿಗೆ ಬಹುಮಾನಗಳನ್ನು ವಿತರಿಸಲಾಯಿತು.’

ಮೊದಲು ಸಣ್ಣ ಪದಗಳು: ಮೂಲಕ, ಕೂಡ, ಅಂತಹ, ಮತ್ತು, ಎರಡು ‘ಈ ಸಂದರ್ಭದಲ್ಲಿ’, ಎರಡು ‘ಲಾಯಿತು’ ಜಾತಿಯವು. ಆಮೇಲೆ ‘ಕಾರ್ಯಕ್ರಮ’, ವಾರ್ಷಿಕೋತ್ಸವ ಎಂದ ಮೇಲೆ ಕಾರ್ಯಕ್ರಮ ಎನ್ನುವುದು ಯಾಕೆ? ಆಮೇಲೆ ಪ್ರಶ್ನೆಗಳು. ‘ವಿವಿಧ’ ಎಂದರೆ ಯಾವುವು? ಬಹುಮಾನ ಏನು? ಅಧ್ಯಕ್ಷರು ಜ್ಞಾನಭಂಡಾರದ ಮಾತು ಬಿಟ್ಟು ಊರಿಗೆ ಸಂಬಂಧಪಟ್ಟದ್ದು ಏನಾದರೂ ಹೇಳಿದರೇ? ಸಭೆಯಲ್ಲಿ ಇದ್ದವರನ್ನು ವಿಚಾರಿಸಿದ ಮೇಲೆ ವರದಿ ಹೀಗಾಗಬಹುದು:

‘ಗ್ರಂಥಾಲಯದ ವಾರ್ಷಿಕೋತ್ಸವವನ್ನು ಪಂಚಾಯತು ಅಧ್ಯಕ್ಷರು ದೀಪ ಬೆಳಗಿ ಉದ್ಘಾಟಿಸಿದರು. ಮಕ್ಕಳು ಶಾಲೆ ಬಿಟ್ಟು ಬರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ ಎಂಬ ದೂರು ಇರುವುದರಿಂದ ಸಂಜೆ ಏಳರವರೆಗೆ ತೆರೆದಿಡುವ ಏರ್ಪಾಡು ಆಗಬೇಕೆಂದರು. ಗಟ್ಟಿ ಓದು, ಕಥೆ ಹೇಳುವ ಸ್ಪರ್ಧೆಗಳಲ್ಲಿ ಗೆದ್ದ ಮಕ್ಕಳು ತಮಗೆ ಇಷ್ಟವಾದ ಪುಸ್ತಕವನ್ನು ಕಪಾಟಿನಿಂದ ತಾವೇ ಆರಿಸಿಕೊಂಡರು.’

ಉದ್ದ ಹೆಚ್ಚಾಗಲಿಲ್ಲ. ಪತ್ರಿಕೆಯ ಸ್ಥಳೀಯ ಪುಟದಲ್ಲಿ ಇಷ್ಟೇ ಜಾಗ ಇರುವುದು.

ಒಂಬತ್ತನೆಯ ಹಂತ: ಸ್ವಂತ ಪಟ್ಟಿ, ಇನ್ನೊಬ್ಬರ ಕಣ್ಣು

ತಿದ್ದಿದ ಪ್ರತಿ ಬರಹದಿಂದ ಅಡಿಗೆರೆಯ ಪದಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಇತರರ ಪಟ್ಟಿಯನ್ನು ನಕಲು ಮಾಡಿ ಪ್ರಯೋಜನವಿಲ್ಲ, ಅಭ್ಯಾಸ ಒಬ್ಬೊಬ್ಬರದ್ದು ಬೇರೆ. ಒಂದು ಪದ ಬಿಟ್ಟುಹೋದ ಕೂಡಲೇ ಅದರ ಜಾಗಕ್ಕೆ ಇನ್ನೊಂದು ಬಂದು ಕೂರುವುದೂ ಉಂಟು, ಹಾಗಾಗಿ ಪಟ್ಟಿಯನ್ನು ಆಗಾಗ ಹೊಸತು ಮಾಡುತ್ತಿರಿ.

ಓದಿ ಹೇಳಲು ಬರೆಯುವವರೇ ಬೇಕೆಂದಿಲ್ಲ. ಪತ್ರಿಕೆ ಓದುವ ಅಭ್ಯಾಸವಿರುವ ಮನೆಯ ಹಿರಿಯರು ಸಾಕು. ‘ಹೇಗಿದೆ?’ ಎಂದು ಕೇಳಿದರೆ ‘ಚಂದ ಇದೆ’ ಎಂದೇ ಹೇಳುತ್ತಾರೆ. ಬೇರೆ ರೀತಿ ಕೇಳಿ: ‘ದೊಡ್ಡಪ್ಪ, ಇದರಲ್ಲಿ ಯಾವ ಪದ ಸುಮಾರು ಸಲ ಬಂತು?’, ‘ಓದಿ ಮುಗಿಸಿದ ಮೇಲೆ ಯಾವುದು ನೆನಪಿನಲ್ಲಿ ಉಳಿಯಿತು?’ ಎರಡನೆಯ ಪ್ರಶ್ನೆಗೆ ಅವರು ಹೇಳುವ ಸಾಲನ್ನು ಮುಟ್ಟಬೇಡಿ.

ಕೊನೆಯ ಓದು: ತೆಗೆದ ಜಾಗದ ಗಾಯಗಳು

ಇಷ್ಟೆಲ್ಲ ತೆಗೆದ ಮೇಲೆ ವಾಕ್ಯಗಳ ಕೀಲು ಸಡಿಲವಾಗಿರುತ್ತದೆ. ಕರಡಚ್ಚು ಬಂದಾಗ ಅದಕ್ಕಾಗಿಯೇ ಒಂದು ಸಲ ಓದಿ, ಬೇರೆ ಯಾವುದಕ್ಕೂ ಅಲ್ಲ. ‘ಲಾಯಿತು’ ತೆಗೆದು ಕರ್ತೃ ತಂದ ಕಡೆ ಕ್ರಿಯಾಪದದ ಲಿಂಗ, ವಚನ ಹೊಂದಿಕೊಂಡಿದೆಯೇ? ‘ಅವರು’ ತೆಗೆದ ಕಡೆ, ನಡುವೆ ಇನ್ನೊಬ್ಬರು ಬಂದು ಯಾರು ಹೇಳಿದ್ದು ಎಂಬ ಗೊಂದಲ ಆಗಿದೆಯೇ? ಆಗಿದ್ದರೆ ಸರ್ವನಾಮ ಬೇಡ, ಹೆಸರನ್ನೇ ಬರೆಯಿರಿ. ‘ಮತ್ತು’ ಹೋದ ಜಾಗದಲ್ಲಿ ಅಲ್ಪವಿರಾಮ ಬಿದ್ದಿದೆಯೇ? ‘ಈ ಸಂದರ್ಭದಲ್ಲಿ’ ಅಳಿಸುವಾಗ ಒಂಟಿ ‘ಈ’ ಉಳಿದುಕೊಂಡಿದೆಯೇ? ಕಂಪ್ಯೂಟರಿನಲ್ಲಿ ‘ಎಲ್ಲವನ್ನೂ ಬದಲಿಸು’ ಒತ್ತಿ ಪದ ಅಳಿಸಿದ್ದರೆ ಇನ್ನೊಂದು ಪದದ ಹೊಟ್ಟೆಯೊಳಗಿನ ಅಕ್ಷರಗಳೂ ಹೋಗಿರಬಹುದು. ‘ಸಹ’ ಅಳಿಸಲು ಹೋಗಿ ‘ಸಹಕಾರಿ’ ಸಂಘ ‘ಕಾರಿ’ ಸಂಘ ಆದೀತು. ಆದ್ದರಿಂದ ಅಳಿಸುವಾಗ ಒಂದೊಂದಾಗಿ ನೋಡಿಯೇ ಅಳಿಸಿ. ವ್ಯಕ್ತಿಗಳ, ಊರುಗಳ ಹೆಸರುಗಳನ್ನು, ಇಸವಿಗಳನ್ನು ಮೂಲದೊಡನೆ ಇನ್ನೊಮ್ಮೆ ತಾಳೆ ನೋಡಿ ಕರಡಚ್ಚಿಗೆ ಸಹಿ ಹಾಕಿ.